ಮಳೆಗಾಲದ ಮುತ್ತಿಗೆ

ಜೂನ್ ತಿಂಗಳಲ್ಲಿ ಮಂಗಳೂರಿನ ದಕ್ಕೆಗೆ ಹೋಗಿ ನೋಡಿ. ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಬಲೆಗಳ ರಾಶಿಯ ಮೇಲೆ ಟಾರ್ಪಾಲು, ಮಂಜುಗಡ್ಡೆ ಲಾರಿಗಳ ಸದ್ದಿಲ್ಲ, ಹೊರಗಿನಿಂದ ಬಂದ ಕೆಲಸದವರು ಊರಿಗೆ ಹೋಗಿರುತ್ತಾರೆ. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ಸರಕಾರದ ನಿಷೇಧವಿದೆ. ಆದರೆ ಸರಕಾರ ಹೇಳುವುದಕ್ಕೆ ಎಷ್ಟೋ ಮೊದಲಿನಿಂದ ಇಲ್ಲಿನ ಮೊಗವೀರರಿಗೆ ಇದು ಗೊತ್ತು. ಶ್ರಾವಣದ ಹುಣ್ಣಿಮೆಗೆ ಬೆಂಗ್ರೆ, ತಣ್ಣೀರುಬಾವಿಯ ಕಡೆ ಕಡಲಿಗೆ ಹಾಲೆರೆದು, ತೆಂಗಿನಕಾಯಿ ಅರ್ಪಿಸಿ, ಇನ್ನು ನಮ್ಮನ್ನು ಒಳಗೆ ಬಿಡು ಎಂದು ಕೇಳಿಕೊಳ್ಳುತ್ತಾರೆ. ಅಲ್ಲಿಯವರೆಗೆ ಕಡಲಿನ ಬಾಗಿಲು ಮುಚ್ಚಿರುತ್ತದೆ.

ಈ ಮುಚ್ಚಿದ ಬಾಗಿಲು ಒಂದು ಯುದ್ಧದ ದಿಕ್ಕನ್ನೇ ತಿರುಗಿಸಿತ್ತು. ಶಾಲೆಯಲ್ಲಿ ನಾವೆಲ್ಲ ಓದಿದ್ದೇವೆ: ಎರಡನೇ ಆಂಗ್ಲೋ-ಮೈಸೂರು ಯುದ್ಧ 1784ರ ಮಂಗಳೂರು ಒಪ್ಪಂದದೊಂದಿಗೆ ಮುಗಿಯಿತು. ಒಪ್ಪಂದ ಮಂಗಳೂರಿನಲ್ಲೇ ಏಕೆ ಆಯಿತು ಎಂದು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. 1783ರ ಮೇ ತಿಂಗಳಿಂದ 1784ರ ಜನವರಿ ಕೊನೆಯವರೆಗೆ ಈ ಊರಿನ ಕೋಟೆಯೊಳಗೆ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಪಡೆ ಸಿಕ್ಕಿಕೊಂಡಿತ್ತು, ಹೊರಗೆ ಟಿಪ್ಪು ಸುಲ್ತಾನನ ಸೇನೆ ಬೀಡುಬಿಟ್ಟಿತ್ತು. ಎಂಟು ತಿಂಗಳಿಗೂ ಮೀರಿದ ಆ ಮುತ್ತಿಗೆಯ ಕಥೆಯನ್ನು ಇಂಗ್ಲಿಷರು ತಮ್ಮ ಸೈನಿಕರ ಸಾಹಸವೆಂದು ಬರೆದುಕೊಂಡರು, ನಮ್ಮವರು ಟಿಪ್ಪುವಿನ ಗೆಲುವೆಂದು ಹೇಳುತ್ತಾರೆ. ಎರಡರಲ್ಲೂ ಸತ್ಯವಿದೆ. ಆದರೆ ಎರಡೂ ಕಥೆಗಳಲ್ಲಿ ಮಳೆ, ಕಡಲು ಮತ್ತು ಅಕ್ಕಿ ಹಿನ್ನೆಲೆಯ ಚಿತ್ರಗಳಾಗಿ ಉಳಿದುಬಿಡುತ್ತವೆ. ನನ್ನ ಮಟ್ಟಿಗೆ ಅವೇ ಮುಖ್ಯ ಪಾತ್ರಗಳು.

ಮೊದಲು ಬಂದರಿನ ವಿಚಾರ. ಆಗಿನ ಬಂದರೆಂದರೆ ಪಣಂಬೂರಲ್ಲ. ಪಣಂಬೂರಿನ ನವಮಂಗಳೂರು ಬಂದರು ದೇಶದ ಒಂಬತ್ತನೆಯ ಪ್ರಮುಖ ಬಂದರಾದದ್ದು 1974ರಲ್ಲಿ. ಹಳೆಯ ಬಂದರು ಇದ್ದದ್ದು ನೇತ್ರಾವತಿಯೂ ಗುರುಪುರ ಹೊಳೆಯೂ ಸೇರುವ ಹಿನ್ನೀರಿನಲ್ಲಿ. ಎರಡು ಹೊಳೆಗಳನ್ನೂ ಕಡಲಿನಿಂದ ಬೇರ್ಪಡಿಸುವುದು ಉದ್ದನೆಯ ಮರಳಿನ ಪಟ್ಟಿ. ಅದರ ನಡುವೆ ಅಳಿವೆ ಬಾಗಿಲು. ಅಳಿವೆಯಲ್ಲಿ ಮರಳು ಕೂತು ನೀರಿನ ಆಳ ಕಡಿಮೆಯಾಗುತ್ತದೆ, ದೊಡ್ಡ ಹಡಗು ಒಳಗೆ ಬರಲಾರದು. ಅವು ಹೊರಗೆ ತೆರೆದ ಕಡಲಿನಲ್ಲೇ ಲಂಗರು ಹಾಕಬೇಕು, ಸಾಮಾನು, ಜನ ಎಲ್ಲವೂ ದೋಣಿಗಳಲ್ಲಿ ಒಳಗೆ ಬರಬೇಕು. ಚಳಿಗಾಲದ ತಿಳಿ ಕಡಲಿನಲ್ಲಿ ಇದು ಸುಲಭ. ನೈಋತ್ಯದ ಗಾಳಿ ಬೀಸತೊಡಗಿದರೆ ಅದು ಹಡಗನ್ನು ನೇರವಾಗಿ ದಡದ ಕಡೆಗೇ ನೂಕುತ್ತದೆ. ಲಂಗರು ಕಿತ್ತರೆ ಹಡಗು ಮರಳಿಗೆ ಬಡಿದು ಒಡೆಯುವುದೇ ಸೈ. ಹಾಯಿಯನ್ನೇ ನಂಬಿದ್ದ ಕಾಲದಲ್ಲಿ ಯಾವ ಕಪ್ತಾನನೂ ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಈ ದಡದ ಹತ್ತಿರ ನಿಲ್ಲಲು ಒಪ್ಪುತ್ತಿರಲಿಲ್ಲ. ಎಂಟು ತಿಂಗಳು ಊರಿಗೆ ಬಾಗಿಲಾಗಿದ್ದ ಕಡಲು ಉಳಿದ ನಾಲ್ಕು ತಿಂಗಳು ಗೋಡೆ.

ಘಟ್ಟದ ಮೇಲಿನ ಮೈಸೂರಿಗೆ ಈ ಬಾಗಿಲು ಜೀವನಾಡಿಯಾಗಿತ್ತು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಹೈದರ್‌ನಗರವೆಂದು ಹೆಸರಿಟ್ಟಾಗ ಕೆಳದಿ ಅರಸರ ಕರಾವಳಿಯೂ ಅವನ ಕೈಸೇರಿತು. ಅಲ್ಲಿಂದ ಮಂಗಳೂರಿನಲ್ಲಿ ಹಡಗು ಕಟ್ಟುವ ಕೆಲಸ ಶುರುವಾಯಿತು. ಅಂಥ ನೌಕಾಬಲ ತಮ್ಮ ಮಗ್ಗುಲಲ್ಲೇ ಬೆಳೆಯುವುದನ್ನು ಬೊಂಬಾಯಿಯ ಇಂಗ್ಲಿಷರು ಸುಮ್ಮನೆ ನೋಡಲಿಲ್ಲ. 1768ರಲ್ಲಿ ಮಂಗಳೂರನ್ನು ಹಿಡಿದರು; ಹೈದರ್ ಬರುತ್ತಿದ್ದಂತೆ ಕಾಯಿಲೆಯವರನ್ನೂ ಗಾಯಾಳುಗಳನ್ನೂ ಬಿಟ್ಟು ಹಡಗೇರಿ ಓಡಿದರು. 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಬಂದು ಬಂದರಿನಲ್ಲಿದ್ದ ಮೈಸೂರಿನ ಹಡಗುಗಳನ್ನು ನಾಶಮಾಡಿಹೋದ. ಹೈದರ್ ಎಷ್ಟೋ ವರ್ಷ ಕಟ್ಟಿದ್ದು ಅಲ್ಲಿಗೆ ಮುಗಿಯಿತು.

1782ರ ಡಿಸೆಂಬರ್ 7ರಂದು ಹೈದರ್ ತೀರಿಕೊಂಡ. ಮೂವತ್ತರ ಹರೆಯದ ಮಗ ಟಿಪ್ಪು ಮಲಬಾರಿನಿಂದ ಧಾವಿಸಿ ಚಿತ್ತೂರಿನ ಕಡೆಯ ಪಾಳೆಯ ಸೇರಿ ಅಧಿಕಾರ ಹಿಡಿದ. ಅವನ ಸೇನೆಯನ್ನು ಪೂರ್ವ ತೀರದಿಂದ ಬಿಡಿಸಬೇಕಾದರೆ ಪಶ್ಚಿಮದಲ್ಲಿ ಏಟು ಹಾಕಬೇಕೆಂದು ಬೊಂಬಾಯಿ ಸರಕಾರ ಯೋಚಿಸಿತು. ಬ್ರಿಗೇಡಿಯರ್ ಜನರಲ್ ರಿಚರ್ಡ್ ಮ್ಯಾಥ್ಯೂಸ್ 1783ರ ಜನವರಿಯಲ್ಲಿ ಉತ್ತರ ಕನ್ನಡದ ತೀರದಲ್ಲಿ ಇಳಿದು, ಹೊನ್ನಾವರವನ್ನು ಹಿಡಿದು, ಹೊಸಂಗಡಿ ಘಾಟಿ ಹತ್ತಿದ. ಬಿದನೂರಿನ ಅಧಿಕಾರಿ ಅಯಾಜ್ ಖಾನ್ ಯುದ್ಧವಿಲ್ಲದೆ ನಗರ ಒಪ್ಪಿಸಿದ. ಮಾರ್ಚ್ 9ಕ್ಕೆ ಮಂಗಳೂರೂ ಹೋಯಿತು. ಎರಡೇ ತಿಂಗಳಲ್ಲಿ ಕರಾವಳಿ ಮತ್ತು ಮಲೆನಾಡು ಕಂಪನಿಯ ಕೈಯಲ್ಲಿ. ಟಿಪ್ಪು ಪೂರ್ವದ ಯುದ್ಧವನ್ನು ಬಿಟ್ಟು ತಿರುಗಿ ಬಂದ, ಏಪ್ರಿಲ್ ಮುಗಿಯುವುದರೊಳಗೆ ಬಿದನೂರನ್ನು ಮರಳಿ ಪಡೆದ. ಸೆರೆಸಿಕ್ಕ ಮ್ಯಾಥ್ಯೂಸ್ ಅದೇ ವರ್ಷ ಶ್ರೀರಂಗಪಟ್ಟಣದ ಬಂದೀಖಾನೆಯಲ್ಲಿ ಸತ್ತ. ಉಳಿದದ್ದು ಹೊನ್ನಾವರ, ಮಂಗಳೂರಿನಂಥ ಕೆಲವು ಕರಾವಳಿ ಕೋಟೆಗಳು. ಹೊನ್ನಾವರದಲ್ಲಿ ಕ್ಯಾಪ್ಟನ್ ಟೊರಿಯಾನೋ ಎಂಬವನ ಸಣ್ಣ ಪಡೆ ಅಷ್ಟೇ ದೀರ್ಘವಾಗಿ ಕೋಟೆ ಹಿಡಿದು ಕೂತದ್ದು ಬೇರೆಯೇ ಕಥೆ.

ಮಂಗಳೂರಿನಲ್ಲಿದ್ದವನು ಲೆಫ್ಟಿನೆಂಟ್ ಕರ್ನಲ್ ಜಾನ್ ಕ್ಯಾಂಪ್‌ಬೆಲ್. ಅವನ ಬಳಿ ಇದ್ದವರು ಎರಡು ಸಾವಿರದ ಆಸುಪಾಸು ಸೈನಿಕರು. ಸ್ಕಾಟ್ಲೆಂಡಿನ ಗುಡ್ಡಗಾಡಿನಿಂದ ಬಂದ ಹೈಲ್ಯಾಂಡರ್‌ಗಳು ಒಂದಿಷ್ಟು ಜನ. ಹೆಚ್ಚಿನವರು ಬೊಂಬಾಯಿಯ ಸಿಪಾಯಿಗಳು, ನಮ್ಮ ದೇಶದವರೇ. ಇಂದಿನ ಭಾರತೀಯ ಸೇನೆಯ ಗ್ರೆನೆಡಿಯರ್ಸ್ ರೆಜಿಮೆಂಟಿನ ಹಳೆಯ ಬೇರುಗಳಲ್ಲಿ ಒಂದು ಈ ಸಿಪಾಯಿಗಳಿಗೆ ಹೋಗಿ ತಾಗುತ್ತದೆ. ಜೊತೆಗೆ ಅಡುಗೆಯವರು, ಹೊರೆಯಾಳುಗಳು, ಸಿಪಾಯಿಗಳ ಸಂಸಾರಗಳು. ಲೆಕ್ಕದ ಪುಸ್ತಕಗಳಲ್ಲಿ ಇವರ ತಲೆಗಳನ್ನು ಯಾರೂ ಎಣಿಸಿಡಲಿಲ್ಲ. ಊಟಕ್ಕೆ ಮಾತ್ರ ಅವರೂ ಬಾಯಿಗಳೇ.

ಮೇ ಮೂರನೆಯ ವಾರದಲ್ಲಿ ಟಿಪ್ಪುವಿನ ಮುಖ್ಯ ಸೇನೆ ಬಂದು ಕೋಟೆಯನ್ನು ಸುತ್ತುವರಿಯಿತು. ಕೋಟೆಯ ಹೊರಗಿನ ಗುಡ್ಡದ ಕಾವಲು ಠಾಣೆಗಳು ಕೆಲವೇ ದಿನಗಳಲ್ಲಿ ಕೈಬಿಟ್ಟುಹೋದವು. ತಾರೀಖು ಗಮನಿಸಿ. ಇನ್ನೊಂದು ವಾರ, ಹತ್ತು ದಿನದಲ್ಲಿ ಮಳೆ ಹಿಡಿಯುತ್ತದೆ, ಕಡಲು ಏಳುತ್ತದೆ. ಒಳಗಿದ್ದವರಿಗೆ ಬೊಂಬಾಯಿಯಿಂದ ಒಂದು ಮೂಟೆ ಅಕ್ಕಿಯಾಗಲಿ ಒಬ್ಬ ಸೈನಿಕನಾಗಲಿ ಬರುವ ಹಾಗಿಲ್ಲ. ಕಡಲಿಲ್ಲದ ಬಂದರುಕೋಟೆ ಬಯಲುಸೀಮೆಯ ಯಾವುದೋ ಗುಡ್ಡದ ಕೋಟೆಗಿಂತ ಭದ್ರವೇನಲ್ಲ. ತನಗೆ ನೌಕಾಪಡೆ ಇಲ್ಲದಿದ್ದರೂ ಟಿಪ್ಪು ಕಡಲಿನ ಕಡೆಯಿಂದಲೂ ಮುತ್ತಿಗೆ ಹಾಕಿದ, ಮಳೆಗಾಲವನ್ನೇ ತನ್ನ ನೌಕಾಪಡೆ ಮಾಡಿಕೊಂಡ. ಪೂರ್ವ ತೀರದಲ್ಲಿ ತನ್ನ ಮಿತ್ರರಾದ ಫ್ರೆಂಚರೊಂದಿಗೆ ಸೇರಿ ಮದ್ರಾಸನ್ನು ಒತ್ತಬೇಕಾದ ಹೊತ್ತಿನಲ್ಲಿ ಒಂದು ಕೋಟೆಯ ಮುಂದೆ ತಿಂಗಳುಗಟ್ಟಲೆ ಕೂತು ಕಾಲ ಕಳೆದನೆಂದು ಅವನನ್ನು ದೂರುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮಳೆಗಾಲ ಕಳೆಯುವ ಹೊತ್ತಿಗೂ ಮಂಗಳೂರು ಇಂಗ್ಲಿಷರ ಕೈಯಲ್ಲೇ ಉಳಿದರೆ ಅಕ್ಟೋಬರಿನಲ್ಲಿ ಹೊಸ ಸೈನ್ಯ ಅದೇ ಬಾಗಿಲಿನಿಂದ ಇಳಿಯುತ್ತದೆ, ಮತ್ತೆ ಘಟ್ಟ ಹತ್ತುತ್ತದೆ. ಜನವರಿಯಲ್ಲಿ ಆದದ್ದನ್ನು ಅವನು ಮರೆಯುವ ಹಾಗಿರಲಿಲ್ಲ.

ಆದರೆ ಕಡಲನ್ನು ಮುಚ್ಚಿಕೊಟ್ಟ ಮಳೆ ನೆಲದ ಮೇಲೆ ಟಿಪ್ಪುವಿಗೇ ಶತ್ರುವಾಯಿತು.

ಆ ಕಾಲದ ಮುತ್ತಿಗೆಯೆಂದರೆ ಬಹುಪಾಲು ಮಣ್ಣಿನ ಕೆಲಸ. ಕೋಟೆಯ ಗುಂಡು ತಾಗದಷ್ಟು ದೂರದಲ್ಲಿ ಮೊದಲ ಕಂದಕ ತೋಡುತ್ತಾರೆ. ಅಲ್ಲಿಂದ ನೇರವಾಗಿ ಕೋಟೆಯ ಕಡೆ ತೋಡಿದರೆ ಗೋಡೆಯ ಮೇಲಿನವರಿಗೆ ಕಂದಕದ ಉದ್ದಕ್ಕೂ ಗುಂಡು ಹೊಡೆಯಲು ಬರುತ್ತದೆ, ಅದಕ್ಕೇ ಹಾವು ಹರಿದ ಹಾಗೆ ಅಂಕುಡೊಂಕಾಗಿ ತೋಡುತ್ತಾ ಮುಂದುವರಿಯಬೇಕು. ಸಾಕಷ್ಟು ಹತ್ತಿರವಾದಾಗ ಮಣ್ಣು, ಸೌದೆಯ ಕಟ್ಟುಗಳನ್ನು ಒಟ್ಟಿ ಫಿರಂಗಿಗಳ ಅಟ್ಟಣೆ ಕಟ್ಟಿ, ಗೋಡೆಯ ಒಂದೇ ಜಾಗಕ್ಕೆ ದಿನಗಟ್ಟಲೆ ಹೊಡೆದು, ಅದು ಕುಸಿದು ಇಳಿಜಾರಾದ ಮೇಲೆ ಸೈನಿಕರು ಏರಿ ನುಗ್ಗುತ್ತಾರೆ. ಈ ವಿದ್ಯೆಯಲ್ಲಿ ಪಳಗಿದ ಫ್ರೆಂಚರು ಟಿಪ್ಪುವಿನ ಪಾಳೆಯದಲ್ಲಿದ್ದರು. ಕರ್ನಲ್ ಕೊಸಿನ್ಯಿ ಅವರ ನಾಯಕ. ದೊಡ್ಡ ಕಲ್ಲುಗಳನ್ನು ಕೋಟೆಯೊಳಗೆ ಎಸೆಯುವ ಮಾರ್ಟರ್‌ಗಳೂ ಇದ್ದವು. ಮನೆ ಮಾಡಿನ ಮೇಲೆ ಬಿದ್ದ ಅಂಥ ಕಲ್ಲಿಗೆ ಸಿಡಿಯುವುದೇ ಬೇಕಿರಲಿಲ್ಲ.

ಇದೆಲ್ಲವನ್ನೂ ಮಂಗಳೂರಿನ ಜೂನ್ ತಿಂಗಳಿನಲ್ಲಿಟ್ಟು ಯೋಚಿಸಿ. ಈ ಊರಿಗೆ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮನೆ ಕಟ್ಟಲು ಅಡಿಪಾಯ ತೋಡಿದ ಯಾರನ್ನು ಬೇಕಾದರೂ ಕೇಳಿ: ಮುರಕಲ್ಲಿನ ಮೇಲಿನ ಕೆಂಪು ಜೇಡಿ ನೀರು ಕುಡಿದರೆ ಸಂಜೆ ತೋಡಿದ ಗುಂಡಿ ಬೆಳಿಗ್ಗೆ ಕೆರೆಯಾಗಿರುತ್ತದೆ, ಬದಿ ಜರಿದು ಬಿದ್ದಿರುತ್ತದೆ. ಕಂದಕದಲ್ಲಿ ಸೊಂಟದವರೆಗೆ ಕೆಸರುನೀರು. ಫಿರಂಗಿಯ ಗಾಲಿ ಹೂತರೆ ಎಳೆಯಲು ಎತ್ತಿಗೂ ಕಾಲೂರುವ ಗಟ್ಟಿ ನೆಲವಿಲ್ಲ. ಮದ್ದಿನಲ್ಲಿರುವುದು ಪೆಟ್ಲುಪ್ಪು, ಗಂಧಕ, ಇದ್ದಿಲು. ತೇವದ ಗಾಳಿಗೇ ಅದು ಥಂಡಿ ಹಿಡಿಯುತ್ತದೆ, ಹೊತ್ತಿದರೂ ಬಲವಿರುವುದಿಲ್ಲ. ಬಂದೂಕಿನ ಕಿವಿಯಲ್ಲಿ ಹಾಕಿದ ಮದ್ದಿನ ಮೇಲೆ ನಾಲ್ಕು ಹನಿ ಬಿದ್ದರೆ ಬಂದೂಕು ಬರೀ ದೊಣ್ಣೆ. ಘಟ್ಟದ ಮೇಲಿನ ಒಣ ಹವೆಗೆ ಒಗ್ಗಿದ ಕುದುರೆಗಳಿಗೆ ಗೊರಸು ಕೊಳೆತು ನಿಲ್ಲಲಾಗದೆ ಹೋಗುವ ಕಾಲ ಅದು. ಸೈನಿಕರಿಗೆ ಚಳಿಜ್ವರ, ಆಮಶಂಕೆ.

ಇಷ್ಟಾದರೂ ಗೋಡೆ ಕುಸಿಯಿತು. ಜೂನ್, ಜುಲೈಯಲ್ಲಿ ಮೈಸೂರಿನ ಸೈನಿಕರು ಹಲವು ಸಲ ಏರಿಬಂದರು, ಪ್ರತಿಸಲವೂ ಒಳಗಿನವರು ಕತ್ತಿ ಬಂದೂಕುಗಳಲ್ಲಿ ಹೊಡೆದಾಡಿ ಅವರನ್ನು ಹಿಮ್ಮೆಟ್ಟಿಸಿದರು. ಬಿದ್ದ ಗೋಡೆಯ ಹಿಂದೆ ರಾತ್ರೋರಾತ್ರಿ ಇನ್ನೊಂದು ಅಡ್ಡಗಟ್ಟು ಏಳುತ್ತಿತ್ತು. ಎರಡೂ ಕಡೆ ಆ ಕೆಸರಿನಲ್ಲಿ ಸತ್ತವರಲ್ಲಿ ಹೆಚ್ಚಿನವರು ಇದೇ ನೆಲದ ಬಡವರ ಮಕ್ಕಳು. ಯಾರ ಹೆಸರನ್ನೂ ಕಲ್ಲಿನಲ್ಲಿ ಕೊರೆದಿಲ್ಲ.

ಆಗ ಜುಲೈಯಲ್ಲಿ ಒಂದು ಸುದ್ದಿ ಬಂತು. ಯುರೋಪಿನಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಸಂಧಿಯಾಗಿದೆ! ವರ್ಸೇಲ್ಸ್‌ನಲ್ಲಿ ಪ್ರಾಥಮಿಕ ಒಪ್ಪಂದಕ್ಕೆ ಸಹಿ ಬಿದ್ದದ್ದು 1783ರ ಜನವರಿ 20ರಂದು. ಅಂದರೆ ಟಿಪ್ಪು ಮಂಗಳೂರಿಗೆ ಬರುವ ನಾಲ್ಕು ತಿಂಗಳ ಮೊದಲೇ ಅವನ ಮಿತ್ರರಿಗೂ ಶತ್ರುಗಳಿಗೂ ರಾಜಿಯಾಗಿತ್ತು. ಆ ಸುದ್ದಿ ಯುರೋಪಿನಿಂದ ಇಲ್ಲಿಗೆ ಬಂದು ಮುಟ್ಟಲು ತಿಂಗಳುಗಳೇ ಬೇಕು. ಅದು ದಾರಿಯಲ್ಲಿದ್ದಾಗ ಜೂನ್ 20ರಂದು ಕಡಲೂರಿನ ಮುಂದೆ ಫ್ರೆಂಚರ ಸುಫ್ರೆನ್ ಮತ್ತು ಇಂಗ್ಲಿಷರ ಹ್ಯೂಸ್ ತಮ್ಮ ತಮ್ಮ ನೌಕಾಪಡೆಗಳನ್ನು ಕಾದಾಡಿಸಿದ್ದರು, ಮಂಗಳೂರಿನ ಗೋಡೆಯ ಬಿರುಕಿನಲ್ಲಿ ಫ್ರೆಂಚ್ ಸೈನಿಕರೂ ಇಂಗ್ಲಿಷ್ ಸೈನಿಕರೂ ಒಬ್ಬರನ್ನೊಬ್ಬರು ಕೊಂದಿದ್ದರು. ಮುಗಿದುಹೋದ ಯುದ್ಧಕ್ಕಾಗಿ ಅಷ್ಟು ಜೀವಗಳು ಹೋದವು. ಈ ಮುತ್ತಿಗೆಯಲ್ಲಿ ನನ್ನನ್ನು ಬಹಳ ಕಾಡುವ ಸಂಗತಿಗಳಲ್ಲಿ ಇದೊಂದು.

ಸುದ್ದಿ ತಲುಪುತ್ತಿದ್ದಂತೆ ಕೊಸಿನ್ಯಿ ಆಯುಧ ಕೆಳಗಿಟ್ಟ, ಇನ್ನು ನಾವು ಹೋರಾಡುವಂತಿಲ್ಲ ಎಂದ. ಟಿಪ್ಪುವಿಗೆ ಸಿಟ್ಟು ಬಂದದ್ದು ಸಹಜವೇ. ತನ್ನನ್ನು ಕೇಳದೆ, ತನಗೆ ಹೇಳದೆ, ಯುದ್ಧದ ನಡುವೆ ಮಿತ್ರರು ಕೈಬಿಟ್ಟರು. ಫ್ರೆಂಚರ ರಾಯಭಾರಿ ಪಿವೆರಾನ್ ದ ಮೊರ್ಲಾ ನಡುವೆ ನಿಂತು ಮಾತನಾಡಿಸಿದ ಮೇಲೆ ಆಗಸ್ಟ್ 2ರಂದು ಕದನವಿರಾಮವಾಯಿತು.

ನಿಜವಾದ ಮುತ್ತಿಗೆ ಶುರುವಾದದ್ದು ಇಲ್ಲಿಂದ.

ಕದನವಿರಾಮದ ಪ್ರಕಾರ ಕೋಟೆ ಕ್ಯಾಂಪ್‌ಬೆಲ್‌ನ ಕೈಯಲ್ಲಿ, ಕಂದಕಗಳು ಟಿಪ್ಪುವಿನ ಕೈಯಲ್ಲಿ. ಯಾರೂ ಹೊಸದಾಗಿ ಏನನ್ನೂ ಕಟ್ಟುವಂತಿಲ್ಲ. ಕೋಟೆಯವರಿಗಾಗಿ ಹೊರಗೊಂದು ಬಜಾರು ತೆರೆದಿರುತ್ತದೆ, ಅಲ್ಲಿಂದ ಅವರು ದಿನಸಿ ಕೊಳ್ಳಬಹುದು, ಆದರೆ ದೊಡ್ಡ ದಾಸ್ತಾನು ಮಾಡುವಂತಿಲ್ಲ. ಕಾಗದದ ಮೇಲೆ ನೋಡಿದರೆ ಉದಾರವಾದ ಷರತ್ತು. ಆದರೆ ಬಜಾರಿನ ಬೀಗದ ಕೈ ಮುತ್ತಿಗೆ ಹಾಕಿದವನ ಬಳಿ ಇತ್ತು. ದಿನ ಕಳೆದಂತೆ ಅಂಗಡಿಗಳು ಕಡಿಮೆಯಾದವು, ಬೆಲೆ ಏರಿತು, ಸಿಗುವ ಸಾಮಾನಿನ ಗುಣ ಕೆಟ್ಟಿತು, ಕೊನೆಗೆ ಬಜಾರು ಹೆಸರಿಗಷ್ಟೇ ಉಳಿಯಿತು. ಒಂದು ಗುಂಡೂ ಹಾರಲಿಲ್ಲ. ಜೂನ್, ಜುಲೈ ತಿಂಗಳ ಫಿರಂಗಿಗಳು ಮಾಡಲಾಗದ್ದನ್ನು ಖಾಲಿ ಅಂಗಡಿ ಮಾಡಿತು.

ಒಳಗೆ ರಕ್ತಪಿತ್ತ ಹರಡಿತು. ಇಂಗ್ಲಿಷಿನ ಸ್ಕರ್ವಿ ಇದೇ. ಮೊದಲು ವಿಪರೀತ ಸುಸ್ತು, ಆಮೇಲೆ ಒಸಡು ಊದಿ ರಕ್ತ ಒಸರುತ್ತದೆ, ಹಲ್ಲು ಅಲ್ಲಾಡುತ್ತವೆ, ಮೈಮೇಲೆ ಕಪ್ಪು ಕಲೆಗಳು, ಎಂದೋ ಮಾಯ್ದ ಹಳೆಯ ಗಾಯಗಳು ಮತ್ತೆ ಬಿಚ್ಚಿಕೊಳ್ಳುತ್ತವೆ. ಹಸಿ ತರಕಾರಿ, ಹುಳಿ ಹಣ್ಣುಗಳು ತಿಂಗಳುಗಟ್ಟಲೆ ಸಿಗದೆ ಸಿ ಜೀವಸತ್ತ್ವ ತಪ್ಪಿದರೆ ಬರುವ ರೋಗ ಇದು. ನಿಂಬೆ, ಕಿತ್ತಳೆಗಳಿಂದ ವಾಸಿಯಾಗುತ್ತದೆಂದು ಜೇಮ್ಸ್ ಲಿಂಡ್ ಎಂಬ ನೌಕಾವೈದ್ಯ 1747ರಲ್ಲೇ ಹಡಗಿನಲ್ಲಿ ಪರೀಕ್ಷಿಸಿ ನೋಡಿದ್ದ; ಇಂಗ್ಲಿಷ್ ನೌಕಾಪಡೆ ನಿಂಬೆರಸವನ್ನು ಕ್ರಮವಾಗಿ ಹಂಚಲು ಶುರುಮಾಡಿದ್ದು 1795ರಲ್ಲಿ. ಈಗ ಮಂಗಳೂರಿನ ಯಾವುದೇ ಹಿತ್ತಿಲನ್ನು ನೆನೆಸಿಕೊಳ್ಳಿ. ಚಪ್ಪರದ ಮೇಲೆ ಬಸಳೆ, ಅಂಗಳದ ಬದಿಗೆ ಹರಿವೆ, ಬಾವಿಯ ಹತ್ತಿರ ನಿಂಬೆ, ತುಸು ದೂರ ಹೋದರೆ ಗುಡ್ಡದಲ್ಲಿ ನೆಲ್ಲಿ. ಔಷಧಿ ಫಿರಂಗಿ ಗುಂಡಿನ ದೂರದಲ್ಲಿ ಬೆಳೆಯುತ್ತಿತ್ತು. ಒಳಗಿನವರು ಹುಳ ಬಿದ್ದ ಅಕ್ಕಿಯನ್ನು ಬೇಯಿಸಿ ತಿಂದು ಸಾಯುತ್ತಿದ್ದರು. ಕುದುರೆಗಳ ಮಾಂಸವನ್ನೂ ತಿಂದರು.

ಶ್ರಾವಣ ಕಳೆಯಿತು, ಮಳೆ ನಿಂತಿತು, ಕಡಲು ತೆರೆಯಿತು. ಕ್ಯಾಂಪ್‌ಬೆಲ್ ಕಾದದ್ದೆಲ್ಲ ಈ ದಿನಕ್ಕಾಗಿ. ನವೆಂಬರ್ ಕೊನೆಗೆ ಜನರಲ್ ಮ್ಯಾಕ್ಲಿಯಡ್ ಹಡಗುಗಳನ್ನೂ ಸೈನ್ಯವನ್ನೂ ತಂದು ಅಳಿವೆಯ ಹೊರಗೆ ನಿಂತ. ಕೋಟೆಯ ಮೇಲಿನಿಂದ ಹಾಯಿಗಳು ಕಾಣುತ್ತಿದ್ದವು. ಆದರೆ ಈಗ ಅಡ್ಡ ನಿಂತದ್ದು ಕದನವಿರಾಮದ ಕಾಗದ. ಸೈನ್ಯ ಇಳಿಸಿದರೆ ಷರತ್ತು ಮುರಿದಂತೆ, ಯುದ್ಧ ಮತ್ತೆ ಹೊತ್ತಿಕೊಳ್ಳುತ್ತದೆ. ಮದ್ರಾಸಿನಲ್ಲಿ ಗವರ್ನರ್ ಮ್ಯಾಕಾರ್ಟ್ನಿ ಸಂಧಿಯ ಮಾತುಕತೆಗೆ ಆಯುಕ್ತರನ್ನು ಕಳುಹಿಸಿಯಾಗಿದೆ. ಕೆಲವು ದಿನ ಕಾಗದಪತ್ರ ನಡೆಸಿ, ಒಂದಿಷ್ಟು ಆಹಾರ ಇಳಿಸಿ, ಮ್ಯಾಕ್ಲಿಯಡ್ ಹಾಯಿ ಬಿಚ್ಚಿ ಹೊರಟುಹೋದ. ಇಳಿಸಿದ ಉಪ್ಪುಮಾಂಸದಲ್ಲಿ ಬಹುಪಾಲು ಕೊಳೆತಿತ್ತು. ತಿಂಗಳುಗಟ್ಟಲೆ ದಿಗಂತ ನೋಡುತ್ತಾ ಕೂತವರು ಆ ಹಾಯಿಗಳು ಚಿಕ್ಕದಾಗುತ್ತಾ ಮರೆಯಾದದ್ದನ್ನು ನೋಡಿದರು. ಮಳೆಗಾಲದಲ್ಲಿ ಕಡಲು ಮುಚ್ಚಿದ್ದಾಗ ಇದ್ದ ಭರವಸೆ ಕಡಲು ತೆರೆದ ಮೇಲೆ ಹೋಯಿತು.

ಜನವರಿಯ ಹೊತ್ತಿಗೆ ಕಾವಲಿಗೆ ನಿಲ್ಲಬಲ್ಲವರಿಗಿಂತ ಆಸ್ಪತ್ರೆಯಲ್ಲಿ ಮಲಗಿದ್ದವರೇ ಹೆಚ್ಚು. ಸಿಪಾಯಿಗಳು ಒಬ್ಬೊಬ್ಬರಾಗಿ ಗೋಡೆಯಿಳಿದು ಓಡಿಹೋಗುತ್ತಿದ್ದರು. ಅವರನ್ನು ತಪ್ಪುಗಾರರೆನ್ನಲು ನನಗೆ ಬಾಯಿ ಬರುವುದಿಲ್ಲ. 1784ರ ಜನವರಿ 30ರಂದು ಕ್ಯಾಂಪ್‌ಬೆಲ್ ಕೋಟೆ ಒಪ್ಪಿಸಿದ. ಟಿಪ್ಪು ಅವರನ್ನು ಗೌರವದಿಂದ, ಆಯುಧಗಳ ಸಮೇತ, ತಲಶ್ಶೇರಿಗೆ ಹೋಗಬಿಟ್ಟ. ಬಂದವರಲ್ಲಿ ಅರ್ಧದಷ್ಟು ಜನ ಉಳಿದಿರಲಿಲ್ಲ. ಕ್ಯಾಂಪ್‌ಬೆಲ್ ಬೊಂಬಾಯಿ ತಲುಪಿ ಮಾರ್ಚ್‌ನಲ್ಲಿ ಸತ್ತ.

ಮದ್ರಾಸಿನ ಆಯುಕ್ತರು ಬರುವಷ್ಟರಲ್ಲಿ ಕೋಟೆಯ ಮೇಲೆ ಮೈಸೂರಿನ ಬಾವುಟವಿತ್ತು. ಮಾರ್ಚ್ 11ರಂದು ಸಹಿಯಾದ ಒಪ್ಪಂದದಂತೆ ಗೆದ್ದ ಊರುಗಳನ್ನೂ ಸೆರೆಯಾಳುಗಳನ್ನೂ ಎರಡೂ ಕಡೆಯವರು ಪರಸ್ಪರ ಮರಳಿಸಬೇಕಾಯಿತು. ಕಂಪನಿಯು ಭಾರತೀಯ ಅರಸನ ಪಾಳೆಯಕ್ಕೆ ತಾನಾಗಿ ಬಂದು ಸಮಾನವಾಗಿ ಸಹಿ ಹಾಕಿದ್ದು ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್‌ಗೆ ದೊಡ್ಡ ಅವಮಾನವಾಗಿ ಕಂಡಿತು.

ಈ ಗೆಲುವಿನ ಪಕ್ಕದಲ್ಲೇ ಇನ್ನೊಂದನ್ನೂ ಬರೆಯಬೇಕು. ಒಪ್ಪಂದಕ್ಕೂ ಮೊದಲೇ, ಕೋಟೆ ಕೈಸೇರಿ ನಾಲ್ಕು ವಾರ ತುಂಬುವ ಒಳಗೆ, ಫೆಬ್ರವರಿಯ ವಿಭೂತಿ ಬುಧವಾರದಂದು ಕರಾವಳಿಯ ಕೊಂಕಣಿ ಮಾತನಾಡುವ ಕ್ರೈಸ್ತರನ್ನು ಸೆರೆಹಿಡಿಯುವ ಕೆಲಸ ಶುರುವಾಯಿತು. ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬುದು ಅವರ ಮೇಲಿನ ಆರೋಪ. ಎಷ್ಟು ಜನ ಎಂಬ ಲೆಕ್ಕ ಒಬ್ಬೊಬ್ಬರದು ಒಂದೊಂದು, ಮೂವತ್ತು ಸಾವಿರದಿಂದ ಎಂಬತ್ತು ಸಾವಿರದವರೆಗೆ ಹೇಳುತ್ತಾರೆ. ಯಾರೋ ಕೆಲವರು ಅಕ್ಕಿ ಮಾರಿರಬಹುದು, ಸುದ್ದಿ ಮುಟ್ಟಿಸಿರಬಹುದು. ಅದಕ್ಕೆ ಮುದುಕರು, ಬಾಣಂತಿಯರು, ಹಾಲುಗಲ್ಲದ ಮಕ್ಕಳು ಸಮೇತ ಒಂದಿಡೀ ಸಮುದಾಯ ಶ್ರೀರಂಗಪಟ್ಟಣದವರೆಗೆ ನಡೆಯಿತು. ಘಟ್ಟ ಹತ್ತುವಾಗಲೇ ಎಷ್ಟೋ ಜನ ಸತ್ತರು. ಬದುಕಿದವರು ಊರಿಗೆ ಮರಳಿದ್ದು 1799ರ ಮೇ 4ರಂದು ಟಿಪ್ಪು ಮಡಿದ ಮೇಲೆ. ಮಂಗಳೂರಿನ ಮುತ್ತಿಗೆಯ ಗಾಯಾಳುಗಳ ಪಟ್ಟಿಯಲ್ಲಿ ಇವರನ್ನು ಸೇರಿಸದೆ ಬರೆದರೆ ಆ ಪಟ್ಟಿ ಅಪೂರ್ಣ.

ಕೋಟೆ ಈಗಿಲ್ಲ. ಅಷ್ಟು ಕಷ್ಟಪಟ್ಟು ಮರಳಿ ಪಡೆದದ್ದನ್ನು ಟಿಪ್ಪುವೇ ಆಮೇಲೆ ಕೆಡವಿಸಿದ. ಉಳಿದಿರುವುದು ಬೋಳೂರಿನಲ್ಲಿ, ಗುರುಪುರ ಹೊಳೆಯ ದಡದಲ್ಲಿ, ಅವನು ಕಟ್ಟಿಸಿದನೆಂದು ಜನ ಹೇಳುವ ಸುಲ್ತಾನ್ ಬತ್ತೇರಿ. ಕಪ್ಪುಕಲ್ಲಿನ ಗಿಡ್ಡ ಬುರುಜು, ಕೆಳಗೆ ಮದ್ದಿನ ಕೋಣೆ, ಮೇಲೆ ಸುತ್ತಲೂ ಫಿರಂಗಿಯ ಕಿಂಡಿಗಳು. ಹೊಳೆಯೊಳಗೆ ಶತ್ರುವಿನ ಹಡಗು ನುಗ್ಗದಂತೆ ಕಾಯಲು ಕಟ್ಟಿದ್ದು. ಮೆಟ್ಟಿಲು ಹತ್ತಿ ಒಂದು ಕಿಂಡಿಗೆ ಮುಖವಿಟ್ಟರೆ ಹೊಳೆ, ದಾಟುವ ದೋಣಿ, ಆಚೆ ತಣ್ಣೀರುಬಾವಿಯ ಗಾಳಿಮರಗಳು. ಕಡಲು ಅವುಗಳ ಹಿಂದಿದೆ. ಜುಲೈಯಲ್ಲಿ ಹೋದರೆ ಅದು ಕಾಣುವ ಮೊದಲೇ ಕೇಳಿಸುತ್ತದೆ.